ಪಟ್ಟಿಯ ಕೊನೆಯಲ್ಲಿ ನಿಂಗಯ್ಯ

ರಮಾಮಣಿಗೆ ಯಾವುದೂ ಸೊಟ್ಟಗಿರಬಾರದು. ದೇವಸ್ಥಾನಕ್ಕೆ ಹೋದರೆ ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದ ಊರವರ ಚಪ್ಪಲಿಗಳನ್ನೆಲ್ಲ ಕಾಲಿನಲ್ಲೇ ಸರಿಸಿ, ಜೋಡಿ ಜೋಡಿ ಮಾಡಿ, ಆಮೇಲೆ ದೇವರ ಮುಖ ನೋಡುವ ಹೆಂಗಸು ಅವಳು. ಮದುವೆಮನೆಯ ಎಲೆಯಲ್ಲಿ ಪಲ್ಯದ ರಸ ಕೋಸಂಬರಿಗೆ ಹರಿದರೆ ಆ ಊಟವೇ ಅವಳಿಗೆ ಸೇರುತ್ತಿರಲಿಲ್ಲ. ತೊಟ್ಟಿಲಲ್ಲಿದ್ದಾಗ ಹೊದಿಕೆಯನ್ನೂ ನೀನೇ ಮಡಿಸಿಟ್ಟುಕೊಳ್ಳುತ್ತಿದ್ದೆಯೇನೋ ಎಂದು ಅವಳ ತಾಯಿ ರೋಸಿಹೋಗಿ ಹಂಗಿಸುತ್ತಿದ್ದರು. ಇಂಥವಳ ಕೈಗೆ ಕಂಪ್ಯೂಟರ್ ಸಿಕ್ಕಿತು. ಇನ್ನು ಕೇಳಬೇಕೆ!

ಅದು ತೊಂಬತ್ತರ ದಶಕದ ನಡುಗಾಲ. ಮೈಸೂರಿನಲ್ಲಿ ಬೀದಿಗೊಂದು ಕಂಪ್ಯೂಟರ್ ತರಬೇತಿ ಕೇಂದ್ರ ಏಳುತ್ತಿದ್ದ ದಿನಗಳು. ಚಪ್ಪಲಿ ಹೊರಗೇ ಬಿಡಬೇಕು, ಒಳಗೆ ತಣ್ಣಗಿನ ಕೋಣೆ, ಧೂಳು ಕೂರದ ಹಾಗೆ ಪ್ಲಾಸ್ಟಿಕ್ ಹೊದ್ದು ಕೂತ ಯಂತ್ರಗಳು. ಬಿ.ಎಸ್ಸಿ. ಮುಗಿಸಿ, ಟೈಪಿಂಗ್ ಪಾಸು ಮಾಡಿ ಮನೆಯಲ್ಲಿ ಕೂತಿದ್ದ ರಮಾಮಣಿ ಸಿದ್ಧಾರ್ಥನಗರದ ಅಂಥದೊಂದು ಕೇಂದ್ರಕ್ಕೆ ಕಲಿಯಲು ಸೇರಿದಳು. ವರ್ಷ ತುಂಬುವುದರೊಳಗೆ ಅಲ್ಲೇ ಕಲಿಸಲು ನಿಂತಳು. ಬೆಳಿಗ್ಗೆ ಅಗ್ರಹಾರದಿಂದ ಲೂನಾ ಹತ್ತಿ ಹೋಗಿ ಸಂಜೆ ಅದೇ ಲೂನಾದಲ್ಲಿ ತಿರುಗಿ ಬರುವಳು. ಮದುವೆಯ ಮಾತು ಬಂದಾಗ, ನೋಡೋಣ ಎನ್ನುವಳು. ಆ ನೋಡೋಣ ಹಾಗೇ ಉಳಿಯಿತು, ಅದರಿಂದ ಅವಳೇನೂ ಸೊರಗಲಿಲ್ಲ.

ಅವಳ ಮನೆಯ ಸಾಲಿನಲ್ಲೇ ಗುರುಮಲ್ಲಪ್ಪನವರ ಗ್ರಂಧಿಗೆ ಅಂಗಡಿ. ವಿಭೂತಿ, ಕರ್ಪೂರ, ಅರಿಸಿನ ಕುಂಕುಮದಿಂದ ಹಿಡಿದು ಬಾಣಂತಿ ಔಷಧಿಯ ಬೇರು ನಾರಿನ ತನಕ ಎಲ್ಲವೂ ಅಲ್ಲಿ ಸಿಗುತ್ತಿತ್ತು. ಅದರ ಜೊತೆಗೆ ಇನ್ನೊಂದು ಕೆಲಸವೂ ಆ ಅಂಗಡಿಯಲ್ಲಿ ನಡೆಯುತ್ತಿತ್ತು. ಗುರುಮಲ್ಲಪ್ಪನವರು ಹತ್ತಾರು ವರ್ಷಗಳಿಂದ ರಕ್ತದಾನಿಗಳ ಕೂಟವೊಂದನ್ನು ನಡೆಸಿಕೊಂಡು ಬಂದಿದ್ದರು. ಯಾರಿಗಾದರೂ ರಕ್ತ ಬೇಕೆಂದರೆ ರೋಗಿಯ ಕಡೆಯವರು ಅಂಗಡಿಗೆ ಫೋನ್ ಮಾಡುವರು. ಗಲ್ಲಾದ ಪಕ್ಕದಲ್ಲಿ ಕೂತ ಅವರ ಹೆಂಡತಿ ಪುಟ್ಟಬಸಮ್ಮನವರು ಡ್ರಾಯರ್ ಎಳೆದು ಕಾರ್ಡುಗಳ ಕಟ್ಟು ತೆಗೆಯುವರು. ರಕ್ತದ ಒಂದೊಂದು ಗುಂಪಿಗೆ ಒಂದೊಂದು ಕಟ್ಟು. ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ರಬ್ಬರ್ ಪಟ್ಟಿಯಲ್ಲಿ ಬಿಗಿದದ್ದು. ಕಾರ್ಡು ನೋಡಿ ನಂಬರ್ ತಿರುಗಿಸಿದರೆ ಆ ಮನುಷ್ಯ ಮಾಡುತ್ತಿದ್ದ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬರುವನು. ಕೂಟಕ್ಕಿದ್ದದ್ದು ಒಂದೇ ಕಟ್ಟಳೆ. ಕರೆ ಬಂದಾಗ ಹೋಗಬೇಕು, ಕಷ್ಟದಲ್ಲಿರುವ ಇಂಥ ಜೀವಕ್ಕೆ ಎಂದು ಕೊಡಬೇಕು. ಸುಮ್ಮನೆ ಹೋಗಿ ಕೊಟ್ಟು ಬರುವುದನ್ನು ಗುರುಮಲ್ಲಪ್ಪನವರು ಬೇಡವೆನ್ನುತ್ತಿರಲಿಲ್ಲ, ಆದರೆ ಕೂಟದ ಮಂದಿಗೆ ಅದು ಒಗ್ಗುತ್ತಿರಲಿಲ್ಲ.

ತೊಂಬತ್ತೆಂಟರಲ್ಲಿ ಯಾರೋ ಪುಣ್ಯಾತ್ಮರು ತಮ್ಮ ಆಫೀಸಿನ ಹಳೆಯ ಕಂಪ್ಯೂಟರೊಂದನ್ನು ಕೂಟಕ್ಕೆ ಕೊಟ್ಟರು. ಗುರುಮಲ್ಲಪ್ಪನವರು ಅದನ್ನು ಸಾಂಬ್ರಾಣಿ ಡಬ್ಬಗಳ ಪಕ್ಕದಲ್ಲಿ ಕೂರಿಸಿ, ಹೂವಿಟ್ಟು, ರಮಾಮಣಿಗೆ ಹೇಳಿ ಕಳಿಸಿದರು. ಅವಳು ಒಂದು ಮಾತಿಗೆ ಒಪ್ಪಿಕೊಂಡು ಕಾರ್ಡುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಮನೆಗೆ ತಂದಳು. ಭಾನುವಾರ ಸ್ನಾನ ಮುಗಿಸಿ ನಡುಮನೆಯಲ್ಲಿ ಕಟ್ಟು ಬಿಚ್ಚಿದವಳಿಗೆ ತಲೆ ತಿರುಗಿತು. ಹನುಮಂತು ಮೇಲೆ, ಅಂಬಿಕಾ ಕೆಳಗೆ, ನಡುವೆ ಮೂರು ಕಡೆ ಮೂವರು ಶಿವಣ್ಣಂದಿರು. ಒಂದಕ್ಕೊಂದು ಸಂಬಂಧವೇ ಇಲ್ಲ. ಇಷ್ಟು ವರ್ಷ ಈ ದಂಪತಿ ಹೇಗೆ ಬಾಳಿದರಪ್ಪ ಎಂದು ಮರುಗಿದಳು. ಓ ಪಾಸಿಟಿವ್ ಕಟ್ಟಿನ ತೀರ ಮೇಲಿನ ಕಾರ್ಡಿನ ಮೇಲಂತೂ ಯಾರದೋ ಹೆಬ್ಬೆಟ್ಟಿನ ಗುರುತು, ಸುಣ್ಣದ್ದು, ಬೆಳ್ಳಗೆ ಅಂಟಿಕೊಂಡಿತ್ತು. ಅವಳು ಅದನ್ನು ಉಗುರಿನಲ್ಲಿ ಕೆರೆದು, ಸೆರಗಿನಲ್ಲಿ ಒರೆಸಿ ಚೊಕ್ಕಟ ಮಾಡಿದಳು. ಸಂಜೆಯ ಹೊತ್ತಿಗೆ ಎಲ್ಲ ಕಾರ್ಡುಗಳೂ ಅಕಾರಾದಿಯಾಗಿ ಸಾಲಾಗಿ ಕೂತವು. ತಾಯಿಯನ್ನು ಕರೆದು ತೋರಿಸಿದಳು. ತಾಯಿ ಅವುಗಳನ್ನು ತುಳಿಯದೆ ದೀಪ ಹಚ್ಚುವುದು ಹೇಗೆಂದು ಕೇಳಿದರು.

ಹೆಸರು ತುಂಬುವ ಕೆಲಸ ಬೇಗ ಮುಗಿಯಿತು. ತಿಂಗಳುಗಟ್ಟಲೆ ಅವಳನ್ನು ಅರೆದದ್ದು ಆ ಹೆಸರುಗಳನ್ನು ಪರದೆಯ ಮೇಲೆ ತೋರಿಸುವ ಕೆಲಸ. ಪರದೆಯಲ್ಲಿ ಒಂದು ಸಲಕ್ಕೆ ಹನ್ನೆರಡು ಹೆಸರು ಹಿಡಿಸುತ್ತಿದ್ದವು. ಬೇರೆ ಗುಂಪಿನವರು ಅಷ್ಟಿಷ್ಟು ಮಂದಿ, ಹೇಗೋ ಒಂದೆರಡು ಪರದೆಯಲ್ಲಿ ಮುಗಿದುಹೋಗುವರು. ಓ ಪಾಸಿಟಿವ್‌ನವರು ಮಾತ್ರ ಐನೂರರ ಹತ್ತಿರ ಹತ್ತಿರ. ಹಾಗಾಗಿ ಪಟ್ಟಿ ಮೇಲೆ ಕೆಳಗೆ ಸರಿಯಬೇಕು. ಸರಿಯುವ ಪಟ್ಟಿಯೊಂದು ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಅದನ್ನು ಮಾಡಿದವರು ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಮಾಡಿದ್ದರು. ಅದರಲ್ಲಿ ಕನ್ನಡ ಹೆಸರು ಬರೆದರೆ ಒತ್ತಕ್ಷರಗಳ ಕಾಲೆಲ್ಲ ಕತ್ತರಿಸಿ ಹೋಗುತ್ತಿತ್ತು. ಸ್ವತಃ ಗುರುಮಲ್ಲಪ್ಪನವರೇ ಎರಡು ಕಡೆ ಕುಂಟಾಗಿ ಕಾಣಿಸಿಕೊಂಡರು. ಮೇಲಾಗಿ, ಈಚೆಗೆ ರಕ್ತ ಕೊಟ್ಟವರನ್ನು ಮೂರು ತಿಂಗಳು ಕರೆಯಬಾರದಾದ್ದರಿಂದ ಅಂಥವರ ಹೆಸರು ಕೆಂಪಾಗಿ ಕಾಣಬೇಕಿತ್ತು. ಸಿದ್ಧ ಪಟ್ಟಿಗೆ ಅದೂ ಬಾರದು. ಪಟ್ಟಿಯನ್ನು ನಾನೇ ಮಾಡುತ್ತೇನೆ ಎಂದು ರಮಾಮಣಿ ಹಟ ಹಿಡಿದಳು.

ಮೊದಲು ಐನೂರು ಹೆಸರನ್ನೂ ಉದ್ದಕ್ಕೆ ಬರೆಸಿ, ಅಷ್ಟನ್ನೂ ಒಟ್ಟಿಗೆ ಮೇಲೆ ಕೆಳಗೆ ಎಳೆಸಿ ನೋಡಿದಳು. ಆ ಮುದಿ ಯಂತ್ರ ಏದುಸಿರು ಬಿಟ್ಟು ನಿಂತೇಹೋಯಿತು. ಆಮೇಲೊಂದು ದಿನ ಲೂನಾ ಓಡಿಸುತ್ತಿರುವಾಗಲೇ ಅವಳಿಗೆ ಉಪಾಯ ಹೊಳೆಯಿತು. ಹನ್ನೆರಡು ಸಾಲು ಮಾತ್ರ ಮಾಡಬೇಕು. ಸಾಲುಗಳು ಇದ್ದಲ್ಲೇ ಇರಬೇಕು, ಅವುಗಳೊಳಗಿನ ಹೆಸರು ಬದಲಾಗುತ್ತ ಹೋಗಬೇಕು. ನೋಡುವವರಿಗೆ ಪಟ್ಟಿ ಸರಿದ ಹಾಗೇ ಕಾಣುತ್ತದೆ. ಹಾಗೆ ಮಾಡಿದಾಗ ಹೆಸರುಗಳು ನೀರಿನ ಹಾಗೆ ಹರಿದವು. ಇನ್ನೇನು ಗೆದ್ದೆ ಅಂದುಕೊಂಡರೆ ಕೊನೆಯ ಹೆಸರು ಮಾತ್ರ ಕಾಣಿಸದು. ಎಷ್ಟು ಎಳೆದರೂ ಕೊನೆಯಿಂದ ಎರಡನೆಯವರ ತನಕ ಬಂದು ನಿಲ್ಲುವುದು. ಅದನ್ನು ಸರಿ ಮಾಡಿದರೆ ಕೊನೆಯ ಹೆಸರಿನ ಕೆಳಗೆ ಖಾಲಿ ಸಾಲುಗಳು ಹಲ್ಲುದುರಿದ ಬಾಯಿಯಂತೆ ತೆರೆದುಕೊಂಡವು. ಅದನ್ನೂ ಸರಿ ಮಾಡಿದಳು. ಪಟ್ಟಿಯ ಬಲಬದಿಯಲ್ಲಿ ಹಿಡಿದೆಳೆಯಲು ಒಂದು ಚೌಕ ಇರುತ್ತದಲ್ಲ, ಅದು ಕೂಡ ಸುಳ್ಳು ಹೇಳಬಾರದು ಎಂಬುದು ಅವಳ ನಿಯಮ. ಪಟ್ಟಿ ಗಿಡ್ಡವಿದ್ದರೆ ಚೌಕ ದೊಡ್ಡದು, ಪಟ್ಟಿ ಬೆಳೆದಂತೆ ಚೌಕ ಚಿಕ್ಕದು. ಓ ಪಾಸಿಟಿವ್ ಪಟ್ಟಿಗೆ ಅದು ಎಷ್ಟು ಚಿಕ್ಕದಾಯಿತೆಂದರೆ ಪುಟ್ಟಬಸಮ್ಮನವರು ಅದಕ್ಕೆ ಅವರೆಕಾಳು ಎಂದು ಹೆಸರಿಟ್ಟರು.

ಪುಟ್ಟಬಸಮ್ಮನವರು ಕಲಿಯಲು ಹಿಂಜರಿಯಲಿಲ್ಲ, ಅದನ್ನು ಹೇಳಲೇಬೇಕು. ಮೌಸ್ ಹಿಡಿದ ಮೊದಲ ದಿನ ಅದು ಮೇಜು ಮುಗಿದು ಕೆಳಗೆ ಬಿತ್ತು. ಎರಡನೆಯ ದಿನ ಅವರಿಗೊಂದು ತಕರಾರು ಹುಟ್ಟಿತು, ಅವರೆಕಾಳನ್ನು ಕೆಳಕ್ಕೆ ಎಳೆದರೆ ಹೆಸರುಗಳು ಮೇಲಕ್ಕೆ ಓಡುತ್ತವಲ್ಲ, ಇದ್ಯಾವ ನ್ಯಾಯ ಎಂದು. ಬಸ್ಸು ಮುಂದೆ ಹೋದರೆ ಮರಗಳು ಹಿಂದಕ್ಕೆ ಓಡುವುದಿಲ್ಲವೇ ಎಂದು ರಮಾಮಣಿ ಸಮಾಧಾನ ಹೇಳಿದಳು. ಅದಕ್ಕೇ ನನಗೆ ಬಸ್ಸಿನಲ್ಲಿ ವಾಂತಿ ಬರುವುದು ಎಂದರು ಪುಟ್ಟಬಸಮ್ಮನವರು. ಆದರೂ ಪಟ್ಟಿ ಕೆಲಸಕ್ಕೆ ನಿಂತಿತು. ಬಂದವರೆಲ್ಲ ಬೆರಗಾಗಿ ನೋಡಿದರು. ಕಾರ್ಡಿನ ಕಟ್ಟುಗಳು ಅಟ್ಟ ಸೇರಿದವು. ರಮಾಮಣಿ ಸಂಜೆ ಅಂಗಡಿಗೆ ಬಂದು ಕಾರಣವಿಲ್ಲದೆ ಒಮ್ಮೆ ಪಟ್ಟಿಯನ್ನು ಮೇಲಿಂದ ಕೆಳಗೆ ಸರಿಸಿ ನೋಡಿ ಖುಷಿಪಟ್ಟು ಮನೆಗೆ ಹೋಗುವಳು. ಅವಳ ಬದುಕಿನಲ್ಲಿ ಅಷ್ಟು ನೆಟ್ಟಗೆ ನಿಂತ ವಸ್ತು ಇನ್ನೊಂದಿರಲಿಲ್ಲ.

ಹೀಗೆ ಮೂರು ವರ್ಷ ನಡೆಯಿತು. ಎರಡು ಸಾವಿರದ ಒಂದು, ದೀಪಾವಳಿ ಮುಗಿದ ಬುಧವಾರ ಸಂಜೆ ಅಕ್ಷತಾ ಎಂಬ ಉಪನ್ಯಾಸಕಿ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಕೂಟದ ಹಳೆಯ ದಾನಿ, ಸಿಡುಕಿನವಳಲ್ಲ. ಆದರೆ ಅವತ್ತು ಮುಖ ಬಿಳಿಚಿಕೊಂಡಿತ್ತು. ಮೂರು ತಿಂಗಳಿಗೊಮ್ಮೆ ತಪ್ಪದೆ ಕರೆ ಬರುತ್ತಿದೆ, ತಾನೂ ತಪ್ಪದೆ ಹೋಗುತ್ತಿದ್ದೇನೆ, ಈ ಸಲ ಡಾಕ್ಟರು ಪರೀಕ್ಷೆ ಮಾಡಿ, ಅಮ್ಮಾ, ನಿಮಗೇ ಯಾರಾದರೂ ಕೊಡಬೇಕು ಎಂದು ವಾಪಸು ಕಳಿಸಿದರು ಎಂದಳು.

"ಬೇಜಾರಿಲ್ಲ ಪುಟ್ಟಬಸಮ್ಮನೋರೆ. ಆದ್ರೆ ಇಡೀ ಮೈಸೂರಲ್ಲಿ ರಕ್ತ ಇರೋದು ನನ್ನೊಬ್ಬಳ ಮೈಯಲ್ಲೇನಾ?"

ಪುಟ್ಟಬಸಮ್ಮನವರು ಕಕ್ಕಾಬಿಕ್ಕಿಯಾಗಿ, ಪಟ್ಟಿ ತೆಗೆದರೆ ನಿನ್ನ ಹೆಸರೇ ಮೊದಲು ಬರುತ್ತದಲ್ಲಮ್ಮ ಎಂದರು. ಅದು ನಿಜವೂ ಆಗಿತ್ತು. ಪಕ್ಕದಲ್ಲೇ ನಿಂತಿದ್ದ ರಮಾಮಣಿ ಆ ಮಾತಿಗೆ ಕುರ್ಚಿ ಎಳೆದುಕೊಂಡು ಕೂತಳು. ಮೊದಲ ಹನ್ನೆರಡು ಹೆಸರು. ಪ್ರತಿಯೊಂದರ ಮುಂದೆಯೂ ರಕ್ತ ಕೊಟ್ಟ ತಾರೀಖು, ಮತ್ತೆ ಮತ್ತೆ. ಅವರೆಕಾಳನ್ನು ಒಂದಿಷ್ಟು ಇಳಿಸಿದಳು. ಎರಡನೆಯ ಪರದೆಯಲ್ಲೂ ತಾರೀಖುಗಳಿದ್ದವು. ಮೂರನೆಯದರಲ್ಲಿ ಅಲ್ಲೊಂದು ಇಲ್ಲೊಂದು. ಆಮೇಲೆ ಖಾಲಿ. ಇಳಿಸಿದಳು, ಖಾಲಿ. ಇನ್ನೂ ಇಳಿಸಿದಳು. ನಾಲ್ಕು ನೂರಕ್ಕೂ ಮಿಕ್ಕಿ ಹೆಸರುಗಳು ತೊಳೆದಿಟ್ಟ ಹಾಗೆ ಶುಭ್ರವಾಗಿ, ಒಂದೇ ಒಂದು ತಾರೀಖಿಲ್ಲದೆ ನೀರಿನ ಹಾಗೆ ಹರಿದುಹೋದವು. ಮೂರು ವರ್ಷದಲ್ಲಿ ಅವರನ್ನು ಯಾರೂ ಕರೆದಿರಲೇ ಇಲ್ಲ.

ಪುಟ್ಟಬಸಮ್ಮನವರು ಏನು ಮಾಡಿಯಾರು? ಅವರೆಕಾಳು ಅವರ ಬೆರಳಿಗೆ ಸಿಕ್ಕದು, ಸಿಕ್ಕರೂ ಜಾರಿ ಎಲ್ಲೋ ಹೋಗಿಬಿಡುವುದು. ಅತ್ತ ರೋಗಿಯ ಕಡೆಯವರು ಫೋನಿನಲ್ಲಿ ಅಳುತ್ತಿರುವರು. ಕಣ್ಣೆದುರು ಕಂಡ ಹೆಸರಿಗೆ ಫೋನ್ ಮಾಡಿದರು. ಅವರ ಜಾಗದಲ್ಲಿ ನಾನಿದ್ದರೂ ನೀವಿದ್ದರೂ ಹಾಗೇ ಮಾಡುತ್ತಿದ್ದೆವು.

ಕಾರ್ಡಿದ್ದಾಗ ಹೀಗೇಕೆ ಆಗುತ್ತಿರಲಿಲ್ಲ ಎಂದು ರಮಾಮಣಿ ಗುರುಮಲ್ಲಪ್ಪನವರನ್ನು ಕೇಳಿದಳು. ಅವರಿಗೂ ಗೊತ್ತಿರಲಿಲ್ಲ. ಅಟ್ಟದಿಂದ ಹಳೆಯ ಕಟ್ಟೊಂದನ್ನು ಇಳಿಸಿ ತಂದು, ಹೇಗೆ ಮಾಡುತ್ತಿದ್ದಿರಿ ತೋರಿಸಿ ಎಂದು ಅವರ ಕೈಗೇ ಕೊಟ್ಟಳು. ಗುರುಮಲ್ಲಪ್ಪನವರು ಮೇಲಿನ ಕಾರ್ಡು ತೆಗೆದರು, ಫೋನಿನ ಪಕ್ಕ ಇಟ್ಟರು, ನಂಬರ್ ತಿರುಗಿಸಿದ ಹಾಗೆ ನಟಿಸಿದರು, ಕಾರ್ಡನ್ನು ಎತ್ತಿ ಕಟ್ಟಿನ ಅಡಿಗೆ ಸೇರಿಸಿ ರಬ್ಬರ್ ಹಾಕಿದರು. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾಕೆ ಅಡಿಗೆ ಸೇರಿಸಿದಿರಿ ಎಂದರೆ, ಮತ್ತೆಲ್ಲಿಗೆ ಸೇರಿಸುವುದು, ಕೈ ಅಲ್ಲಿಗೇ ಹೋಗುತ್ತದಮ್ಮ ಎಂದರು. ಹೊಸಬರ ಕಾರ್ಡು? ಅದು ಮೇಲಕ್ಕೆ, ಹೊಸ ಹುರುಪಿರುತ್ತದಲ್ಲ.

ರಮಾಮಣಿಗೆ ಆಗ ಅರ್ಥವಾಯಿತು. ಆ ಭಾನುವಾರ ನಡುಮನೆಯಲ್ಲಿ ತಾನು ಕಂಡದ್ದು ಗೊಂದಲವಾಗಿರಲಿಲ್ಲ. ಕೊಟ್ಟವರು ಕೆಳಗೆ, ಕಾದವರು ಮೇಲೆ; ಯಾರ ತಲೆಗೂ ಹೊಳೆಯದೆ ಬರೀ ಕೈಯಲ್ಲಿ ಹುಟ್ಟಿದ ಕ್ರಮ ಅದು. ಅದನ್ನು ತಾನು ಗುಡಿಸಿ ಚೊಕ್ಕಟ ಮಾಡಿದ್ದಳು. ಹಾಗೆಂದುಕೊಳ್ಳುವಾಗಲೇ ಆ ಸುಣ್ಣದ ಹೆಬ್ಬೆಟ್ಟು ನೆನಪಾಯಿತು. ಅಟ್ಟದ ಕಾರ್ಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಹುಡುಕಿದಳು. ಎಷ್ಟೇ ಕೆರೆದಿದ್ದರೂ ಮೂಲೆಯಲ್ಲಿ ಬಿಳಿಯ ಕಲೆ ಉಳಿದ ಕಾರ್ಡು ಸಿಕ್ಕಿತು. ನಿಂಗಯ್ಯ, ಸುಣ್ಣ ಬಳಿಯುವ ಕೆಲಸ, ಕೆಸರೆ. ಆ ದಿನಗಳಲ್ಲಿ ಎಲ್ಲರಿಗಿಂತ ಹೊಸಬರು, ಎಲ್ಲರಿಗಿಂತ ಮೇಲಿದ್ದವರು. ತನ್ನ ಪಟ್ಟಿಯಲ್ಲಿ ಅವರು ನಡುವಿನಲ್ಲೆಲ್ಲೋ ಹೂತುಹೋಗಿದ್ದರು. ಹುಟ್ಟಿದ ತಾರೀಖು ನೋಡಿದಳು. ಬರುವ ಸೋಮವಾರಕ್ಕೆ ಅವರಿಗೆ ಅರವತ್ತು ತುಂಬುತ್ತಿತ್ತು. ಅರವತ್ತಾದವರ ರಕ್ತವನ್ನು ಆಸ್ಪತ್ರೆಯವರು ತೆಗೆದುಕೊಳ್ಳುವುದಿಲ್ಲ.

ಮರುದಿನ ಪಾಠಕ್ಕೆ ರಜ ಹಾಕಿ ಲೂನಾದಲ್ಲಿ ಕೆಸರೆಗೆ ಹೋದಳು. ನಿಂಗಯ್ಯನವರ ಹೆಂಡತಿ ದೇವಿರಮ್ಮ ಮನೆ ಮುಂದೆ ಸೊಪ್ಪು ಬಿಡಿಸುತ್ತಿದ್ದರು. ಎಲ್ಲಿಂದ ಬಂದವಳೆಂದು ತಿಳಿದ ಕೂಡಲೇ ಆಕೆ ಮಾತು ಶುರುಮಾಡಿಬಿಟ್ಟರು. ತನಗೆ ಗರ್ಭಕೋಶದ ಆಪರೇಷನ್ ಆದಾಗ ರಕ್ತ ಸಾಲದೆ ಡಾಕ್ಟರು ಕೈಚೆಲ್ಲುವುದರಲ್ಲಿದ್ದರಂತೆ. ಫೋನ್ ಹೋದ ಕೂಡಲೇ ಯಾರೋ ಒಬ್ಬ ಸೈಕಲ್ ತುಳಿದುಕೊಂಡು ಬಂದು ಕೊಟ್ಟು, ಹೆಸರನ್ನೂ ಹೇಳದೆ ಹೋದನಂತೆ. ಹಾಗೆ ಫೋನ್ ಮಾಡಿದ್ದು ಗುರುಮಲ್ಲಪ್ಪನವರ ಅಂಗಡಿಯಿಂದ. ತಾನು ಎದ್ದು ಓಡಾಡುವಂತಾದ ದಿನವೇ ಯಜಮಾನರು ಹೋಗಿ ತಮ್ಮ ಹೆಸರು ಬರೆಸಿ ಬಂದರಂತೆ. ಅವತ್ತಿನಿಂದ ಬೀಡಿ ಬಿಟ್ಟರು. ಕೂಗಿದಾಗ ರಕ್ತ ಚೆನ್ನಾಗಿರಬೇಕೆಂದು ದಿನಾ ಸೊಪ್ಪು, ಹುರುಳಿಕಾಳು. ಮೂಲೆಯ ಅಂಗಡಿಯ ಫೋನ್ ನಂಬರ್ ಕೊಟ್ಟಿದ್ದರಿಂದ ಆ ಅಂಗಡಿಯವನನ್ನು ದಿನಾ ವಿಚಾರಿಸಿ ವಿಚಾರಿಸಿ ಅವನಿಗೂ ಸಾಕಾಗಿಹೋಗಿತ್ತು. ಈಗ ಒಂದು ವರ್ಷದಿಂದ ಕೇಳುವುದನ್ನು ಬಿಟ್ಟಿದ್ದರು. ಆದರೆ ಸೊಪ್ಪು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ನಿಂಗಯ್ಯನವರು ಬಂದರು. ಸಣಕಲು ಮನುಷ್ಯ, ಹುಬ್ಬಿನ ಮೇಲೆಲ್ಲ ಸುಣ್ಣದ ಹನಿ. ಪಕ್ಕದ ಬೀದಿಯ ಮದುವೆಮನೆಗೆ ಸುಣ್ಣ ಹೊಡೆಯುತ್ತಿದ್ದವರು ಸುದ್ದಿ ತಿಳಿದು ಹಾಗೇ ಇಳಿದು ಬಂದಿದ್ದರು. ರಮಾಮಣಿ ಎದ್ದು ಕೈ ಮುಗಿದಳು. ಇಷ್ಟು ದಿನ ಕರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ ಎಂದಳು. ಅವರು ತಲೆ ತಗ್ಗಿಸಿ ಅಂಗೈ ಉಜ್ಜಿಕೊಂಡರು.

"ಬೇಸ್ರ ಏನಿಲ್ಲ ಕಣವ್ವ. ನನ್ ರಕ್ತ ಆಗ್ಬರಾಕಿಲ್ಲ ಅಂತ ತಿಳ್ಕಂಬುಟ್ಟಿದ್ದೆ. ವರ್ಷಾನುಗಟ್ಲೆ ಬೀಡಿ ಸೇದ್ದೋನಲ್ವಾ."

ರಮಾಮಣಿಯ ಕಣ್ಣು ತುಂಬಿತು. ರಕ್ತದಲ್ಲೇನೂ ದೋಷವಿಲ್ಲ, ತಪ್ಪು ತನ್ನದು ಎಂದು ಎಲ್ಲವನ್ನೂ ಹೇಳಿದಳು. ಪರದೆ ಎಂದಳು, ಹನ್ನೆರಡು ಸಾಲು ಎಂದಳು, ಕೆಳಗೆ ಸರಿಸದಿದ್ದರೆ ಕೆಳಗಿನವರು ಕಾಣುವುದಿಲ್ಲ ಎಂದಳು. ಹೇಳುತ್ತ ಹೇಳುತ್ತ ಅದು ಅವಳಿಗೇ ಗೋಜಲೆನಿಸಿತು. ನಿಂಗಯ್ಯನವರು ಮನೆಯ ಗೋಡೆಯ ಕಡೆ ನೋಡಿದರು.

"ಅಂಗಾರೆ ಕೈಗೆ ಎಟುಕಿದಷ್ಟು ಗೋಡೆಗೇ ಹೊಡ್ದು ಹೊಡ್ದು, ಏಣಿ ಸರಿಸ್ನೇ ಇಲ್ಲ ಅನ್ನು."

ಹೌದು ಎಂದಳು ಅವಳು. ನಿಂಗಯ್ಯನವರ ಮುಖ ಅರಳಿತು. ರಕ್ತ ಕೆಟ್ಟಿಲ್ಲವಲ್ಲ, ಅವರಿಗೆ ಅಷ್ಟೇ ಸಾಕಾಗಿತ್ತು. ಇನ್ನು ನಾಲ್ಕು ದಿನವಿದೆ, ಈಗಲೇ ಹೋಗಿ ರಕ್ತನಿಧಿಯಲ್ಲಿ ಕೊಟ್ಟುಬಿಡೋಣ ಎಂದು ರಮಾಮಣಿ ಅವಸರಿಸಿದಳು. ಅದಕ್ಕೆ ಮಾತ್ರ ಅವರು ಒಪ್ಪಲಿಲ್ಲ.

"ಕೂಗ್ದೆ ಎಂಗವ್ವ ಓಗದು? ಇವಳ್ಗೆ ಆ ಪುಣ್ಯಾತ್ಮ ಕೂಗ್ದಾಗ ತಾನೆ ಬಂದಿದ್ದು. ಕೂಗು, ಬತ್ತೀನಿ."

ಕೂಟದ ಕಟ್ಟಳೆ ಅವರ ಮಟ್ಟಿಗೆ ಹಟವಾಗಿತ್ತು. ಹಿಂದಿನವಳಾಗಿದ್ದರೆ ರಮಾಮಣಿ ವಾದಕ್ಕೆ ನಿಲ್ಲುತ್ತಿದ್ದಳೇನೋ. ಅವತ್ತು ಸುಮ್ಮನೆ ತಿರುಗಿ ಬಂದಳು.

ಆ ಸಂಜೆಯೇ ಪಟ್ಟಿಯನ್ನು ಬಿಚ್ಚಿ ಕೂತಳು. ಅಕಾರಾದಿಯನ್ನು ಕಿತ್ತೆಸೆದಳು. ಯಾರು ಎಲ್ಲರಿಗಿಂತ ಹೆಚ್ಚು ಕಾಲದಿಂದ ಕಾಯುತ್ತಿದ್ದಾರೋ ಅವರು ಮೇಲೆ. ಕೊಟ್ಟು ಬಂದ ತಾರೀಖು ಬರೆದ ಕೂಡಲೇ ಆ ಹೆಸರು ತಾನಾಗಿ ತೀರ ಕೆಳಕ್ಕೆ. ಒಮ್ಮೆಯೂ ಕೊಡದವರಲ್ಲಿ ಅರವತ್ತು ಹತ್ತಿರವಾದವರು ಮೊದಲು. ಕೆಲಸ ಬಲು ಸಣ್ಣದು, ಆ ರಾತ್ರಿಯೇ ಮುಗಿಯಿತು. ಮುಗಿದ ಮೇಲೆ ಅವಳಿಗೆ ನಗು ಬಂತು. ಈಗ ಕರೆಯಬೇಕಾದವರು ಯಾವಾಗಲೂ ಕಣ್ಣೆದುರಿನ ಹನ್ನೆರಡು ಸಾಲಿನಲ್ಲೇ ಇರುತ್ತಿದ್ದರು. ತಿಂಗಳುಗಟ್ಟಲೆ ಒದ್ದಾಡಿ, ನೀರಿನ ಹಾಗೆ ಹರಿಯುವಂತೆ ಮಾಡಿದ ಪಟ್ಟಿಯನ್ನು ಇನ್ನು ಯಾರೂ ಸರಿಸುವ ಅಗತ್ಯವೇ ಇರಲಿಲ್ಲ. ಪುಟ್ಟಬಸಮ್ಮನವರು ಅವರೆಕಾಳಿನ ಕಾಟ ತಪ್ಪಿತೆಂದು ಒಂದು ಊದುಬತ್ತಿ ಹಚ್ಚಿದರು.

ಎಲ್ಲಕ್ಕಿಂತ ಮೇಲೆ ನಿಂಗಯ್ಯನವರ ಹೆಸರಿತ್ತು. ಬರಬೇಕಾದದ್ದು ಕರೆ ಮಾತ್ರ. ಶುಕ್ರವಾರ ಫೋನ್ ಬಂತು, ಬೇಕಾದದ್ದು ಬಿ ಗುಂಪಿನ ರಕ್ತ. ಶನಿವಾರ ಬಂತು, ಎ ನೆಗೆಟಿವ್. ಬೇರೆ ದಿನವಾದರೆ ಓ ಪಾಸಿಟಿವ್ ಕೇಳಿಕೊಂಡು ಫೋನಿನ ಮೇಲೆ ಫೋನು ಬರುತ್ತಿತ್ತು. ರಮಾಮಣಿ ಅಂಗಡಿಯಲ್ಲೇ ಠಿಕಾಣಿ ಹೂಡಿದಳು. ಫೋನ್ ಬಾರದಿದ್ದರೆ ಕಳವಳ, ರಿಂಗಾದರೆ ಎದೆ ಹಾರುವುದು. ಅವಳನ್ನೇ ನೋಡುತ್ತಿದ್ದ ಪುಟ್ಟಬಸಮ್ಮನವರು ಕೊನೆಗೆ ಕೇಳಿಯೇಬಿಟ್ಟರು.

"ಯಾರಿಗೆ ಕೆಟ್ಟದಾಗ್ಲಿ ಅಂತ ಕಾಯ್ತಿದ್ದೀಯೆ ರಮಾ?"

ಅವಳಿಗೆ ನಾಚಿಕೆಯಾಯಿತು. ಯಾರಿಗೂ ಏನೂ ಆಗದಿರಲಿ ಎಂದು ದೇವರಲ್ಲಿ ಬೇಡಿಕೊಂಡಳು. ಬೇಡಿಕೊಳ್ಳುತ್ತಲೇ ಕಣ್ಣು ಮತ್ತೆ ಫೋನಿನ ಕಡೆಗೆ ಹೋಯಿತು.

ಭಾನುವಾರ ತಿಂಡಿಯ ಹೊತ್ತಿಗೆ ಕರೆ ಬಂತು. ಒಂದು ನರ್ಸಿಂಗ್ ಹೋಮಿನಿಂದ. ಹೆರಿಗೆಯಾದ ಹೆಂಗಸಿಗೆ ಸ್ರಾವ ನಿಂತಿಲ್ಲ, ಓ ಪಾಸಿಟಿವ್ ಬೇಕು. ಪುಟ್ಟಬಸಮ್ಮನವರು ಪರದೆಯ ಮೊದಲ ಹೆಸರಿನ ಮುಂದೆ ಬೆರಳಿಟ್ಟುಕೊಂಡು ಕೆಸರೆಯ ಅಂಗಡಿಗೆ ಫೋನ್ ಮಾಡಿದರು. ಆ ಅಂಗಡಿಯವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ರಿಸೀವರ್ ಕೆಳಗಿಟ್ಟು ಓಡಿದ್ದು ಇತ್ತ ಕೇಳಿಸಿತು. ಆಮೇಲೆ ದೂರದಲ್ಲಿ ಅವನ ಕೂಗು ಕೇಳಿಸಿತು. ನಿಂಗಯ್ಯೋ, ರಕ್ತದೋರು ಕೂಗ್ತಾವ್ರೆ ಬಾ!

ರಮಾಮಣಿ ಆಸ್ಪತ್ರೆಗೆ ಹೋಗಲಿಲ್ಲ, ಧೈರ್ಯವಾಗಲಿಲ್ಲ. ಪರೀಕ್ಷೆಯಲ್ಲಿ ಬೇಡವೆಂದುಬಿಟ್ಟರೆ ಆ ಮುಖವನ್ನು ಹೇಗೆ ನೋಡುವುದು? ಅಂಗಡಿಯಲ್ಲೇ ಕೂತು ಕರ್ಪೂರದ ಡಬ್ಬಗಳನ್ನು ಸಾಲಾಗಿ ಜೋಡಿಸಿದಳು, ಕೆಡವಿ ಮತ್ತೆ ಜೋಡಿಸಿದಳು. ಮಧ್ಯಾಹ್ನದ ಹೊತ್ತಿಗೆ ನಿಂಗಯ್ಯನವರು ದೇವಿರಮ್ಮನ ಜೊತೆ ಮೆಟ್ಟಿಲು ಹತ್ತಿ ಬಂದರು. ತೋಳು ಮಡಚಿಕೊಂಡಿದ್ದರು, ಮಡಿಕೆಯಲ್ಲಿ ಹತ್ತಿ. ಡಾಕ್ಟರು ವಯಸ್ಸು ಕೇಳಿದಾಗ ನಾಳೆಗೆ ಅರವತ್ತು ಎಂದರಂತೆ. ಹಾಗಾದರೆ ಇವತ್ತಿಗೆ ಐವತ್ತೊಂಬತ್ತು, ಮಲಗಿ ಎಂದರಂತೆ ಡಾಕ್ಟರು. ರಕ್ತ ಪರೀಕ್ಷೆ ಮಾಡಿ, ಹುಡುಗರಿಗೂ ಇಷ್ಟು ಚೆನ್ನಾಗಿರುವುದಿಲ್ಲ, ಏನು ತಿನ್ನುತ್ತೀರಿ ಎಂದೂ ಕೇಳಿದರಂತೆ. ಇದನ್ನು ಹೇಳಿದವರು ದೇವಿರಮ್ಮ. ಆ ತಾಯಿಗೆ ಈಗ ಪರವಾಗಿಲ್ಲ, ಫೋನ್ ಬಂದಿತ್ತು ಎಂದರು ಗುರುಮಲ್ಲಪ್ಪನವರು. ನಿಂಗಯ್ಯನವರು ಎರಡೂ ಕೈ ಜೋಡಿಸಲು ಹೋಗಿ, ಹತ್ತಿ ಬಿದ್ದೀತೆಂದು ಒಂದೇ ಕೈಯನ್ನು ಎದೆಗೊತ್ತಿಕೊಂಡರು.

ರಮಾಮಣಿ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡಳು. ಪರದೆಯ ಮೇಲೆ ಮೊದಲು ಅವರ ಹೆಸರು. ಅದರ ಮುಂದೆ ಆ ದಿನದ ತಾರೀಖು ಬರೆದು ಗುಂಡಿ ಒತ್ತಿದಳು. ಹೆಸರು ಮಾಯವಾಯಿತು. ನಿಂಗಯ್ಯನವರು ಬೆಚ್ಚಿ, ಎಲ್ಲಿ ಹೋಯಿತೆಂದು ಕೇಳಿದರು. ಕೆಳಕ್ಕೆ ಹೋಯಿತು, ಕೊಟ್ಟವರದೆಲ್ಲ ಕೆಳಕ್ಕೆ ಹೋಗುತ್ತದೆ ಎಂದು ಹೇಳಿ ಅವಳು ಮೌಸನ್ನು ಅವರ ಕೈಗೆ ಕೊಟ್ಟಳು. ಅವಸರದಲ್ಲಿ ಕೈ ತೊಳೆದಿದ್ದರೂ ಬೆರಳ ಬಿರುಕುಗಳಲ್ಲಿ ಸುಣ್ಣ ಒಣಗಿ ಉಳಿದಿತ್ತು. ಅವರೆಕಾಳು ಅವರಿಗೂ ಎರಡು ಸಲ ಜಾರಿತು. ಮೂರನೆಯ ಸಲ ಸಿಕ್ಕಿತು. ಅವರು ಉಸಿರು ಬಿಗಿಹಿಡಿದು ಅದನ್ನು ಮೆಲ್ಲಗೆ ಇಳಿಸಿದರು. ಹನುಮಂತು, ಮೂವರು ಶಿವಣ್ಣಂದಿರು, ಕಾಯುತ್ತಿದ್ದ ನಾಲ್ಕು ನೂರು ಮಂದಿ ಮೇಲಕ್ಕೆ ಸರಿದುಹೋದರು. ಆಮೇಲೆ ಕೊಟ್ಟವರು ಬಂದರು, ಅಕ್ಷತಾ ಬಂದಳು. ಎಲ್ಲ ಮುಗಿದು ಪಟ್ಟಿ ನಿಂತಲ್ಲಿ ತೀರ ಕೊನೆಯ ಸಾಲಿನಲ್ಲಿ, ಮೂರು ವರ್ಷದ ಹಿಂದೆ ಕಾಣಲೊಲ್ಲದೆ ಅವಳನ್ನು ಗೋಳಾಡಿಸಿದ್ದ ಅದೇ ಸಾಲಿನಲ್ಲಿ, ಕೆಂಪಕ್ಷರದಲ್ಲಿ ನಿಂಗಯ್ಯ, ಕೆಸರೆ ಎಂದಿತ್ತು.

ನಾಳೆಗೆ ಅರವತ್ತಾಗುವುದರಿಂದ ಹೆಸರು ತೆಗೆಯಬೇಕಾಗುತ್ತದೆ ಎಂದು ಗುರುಮಲ್ಲಪ್ಪನವರು ಮೆಲ್ಲಗೆ ನೆನಪಿಸಿದರು. ಅದು ನಿಂಗಯ್ಯನವರಿಗೂ ಕೇಳಿಸಿತು. ಪರದೆಯಿಂದ ಕಣ್ಣು ಕೀಳದೆ ಹೇಳಿದರು.

"ಅಲ್ಲೇ ಇರ್ಲಿ ಬುಡವ್ವ."

ರಮಾಮಣಿ ತಲೆಯಾಡಿಸಿದಳು. ಅರವತ್ತು ದಾಟಿದವರನ್ನು ಅಳಿಸುವ ನಿಯಮವನ್ನು ಪಟ್ಟಿಯಿಂದ ಅಂದೇ ತೆಗೆದಳು. ಅಂಥವರನ್ನು ಇನ್ನು ಕರೆಯುವಂತಿಲ್ಲ, ಆದರೆ ಕೊನೆಯಲ್ಲಿ ಅವರ ಜಾಗದಲ್ಲಿ ಅವರು ಇರಬಹುದು. ಮರುದಿನ ಸಂಜೆ ಅಂಗಡಿಗೆ ಬಂದಾಗ ಬೂದು ಬಣ್ಣದ ಮೌಸಿನ ಮೇಲೆ ಬೆಳ್ಳಗೆ ಒಂದು ಹೆಬ್ಬೆಟ್ಟು ಮೂಡಿತ್ತು. ಪುಟ್ಟಬಸಮ್ಮನವರು ಬಟ್ಟೆ ಹಿಡಿದುಕೊಂಡು ಒರೆಸಲು ಬಂದರು. ಊರವರ ಚಪ್ಪಲಿಯನ್ನೂ ನೆಟ್ಟಗೆ ಮಾಡುವ ರಮಾಮಣಿ ಅವರ ಕೈ ಹಿಡಿದು, ಇರಲಿ ಬಿಡಿ ಎಂದಳು.